ಹೆರಿಗೆಯ ಭತ್ಯೆ: ದಿನಗಳನ್ನು ಮೊದಲೇ ಎಣಿಸೋಣ

(ಮಾಧವರಂ ವಾಚನಾಲಯದ ಸಂಜೆಯ ಕೂಟದಲ್ಲಿ ಮಾಡಿದ ಭಾಷಣ)



ಇಲ್ಲಿನ ಉಗ್ರಾಣಗಳಲ್ಲಿ, ಲಾರಿ ಆಫೀಸುಗಳಲ್ಲಿ, ಸಣ್ಣ ಕಾರ್ಖಾನೆಗಳಲ್ಲಿ ದುಡಿಯುವ ನಮ್ಮವರು ಸಂಜೆ ಈ ವಾಚನಾಲಯಕ್ಕೆ ಬಂದಾಗ ಪತ್ರಿಕೆ ಓದುವುದರ ಜೊತೆಗೆ ಮನೆಯ ಸುಖದುಃಖವನ್ನೂ ಹೇಳಿಕೊಳ್ಳುತ್ತಾರೆ. ಹಾಗೆ ಕೇಳಿದ ಒಂದು ಸಂಗತಿಯಿಂದಲೇ ಇಂದಿನ ಮಾತನ್ನು ಪ್ರಾರಂಭಿಸುತ್ತೇವೆ.

ನಮ್ಮ ಬಳಗದ ಒಬ್ಬ ಹೆಣ್ಣುಮಗಳು ಒಂದು ಕಚೇರಿಯಲ್ಲಿ ನಾಲ್ಕು ವರ್ಷ ಗುಮಾಸ್ತೆಯಾಗಿದ್ದಳು. ಚೊಚ್ಚಲ ಹೆರಿಗೆಗೆ ತವರಿಗೆ ಹೊರಟಾಗ, “ಅಷ್ಟು ದಿನ ರಜೆ ಯಾರು ಕೊಡುತ್ತಾರೆ?” ಎಂದು ತಾನೇ ರಾಜೀನಾಮೆ ಬರೆದುಕೊಟ್ಟಳು. ಕಚೇರಿಯವರು ಬೇಡವೆನ್ನಲಿಲ್ಲ. ನಾವೂ ಬೇಡವೆನ್ನಲಿಲ್ಲ, ಏಕೆಂದರೆ ನಮಗೂ ತಿಳಿದಿರಲಿಲ್ಲ. ಬಾಣಂತನದ ಖರ್ಚಿಗೆ ಗಂಡ ಕೈಗಡ ಮಾಡಿದ. ಆಮೇಲೆ ಕುಳಿತು ಲೆಕ್ಕ ಹಾಕಿದೆವು. ಆಕೆಯ ಸಂಬಳ ತಿಂಗಳಿಗೆ 18,000 ರೂಪಾಯಿ, ಅಂದರೆ ದಿನಕ್ಕೆ 600. ಕಾನೂನಿನ ಪ್ರಕಾರ 26 ವಾರ, ಅಂದರೆ 182 ದಿನ. ಒಟ್ಟು 1,09,200 ರೂಪಾಯಿ! ಒಂದು ಕಾಗದ ಬರೆದು ಆಕೆ ಕಳೆದುಕೊಂಡದ್ದು ಇಷ್ಟು. ಕೆಲಸ ಹೋದದ್ದು ಬೇರೆ.

ಈ ಹಣ ಯಾರ ದಯೆಯೂ ಅಲ್ಲ. 1928ರಲ್ಲಿ ಮುಂಬಯಿ ಶಾಸನ ಸಭೆಯಲ್ಲಿ ಹೆರಿಗೆ ಭತ್ಯೆಯ ಮಸೂದೆ ಬಂದಾಗ ಡಾ. ಅಂಬೇಡ್ಕರರು ಅದನ್ನು ಬೆಂಬಲಿಸಿ ಮಾತನಾಡಿದರು. 1929ರಲ್ಲಿ ಅಲ್ಲಿ ಕಾಯಿದೆಯಾಯಿತು. ಮದ್ರಾಸು ಪ್ರಾಂತಕ್ಕೆ 1934ರ ಕಾಯಿದೆ ಬಂತು. 1961ರಲ್ಲಿ ಇಡೀ ದೇಶಕ್ಕೆ ಒಂದೇ ಕಾಯಿದೆಯಾಯಿತು. ಮೊದಲು 12 ವಾರವಿದ್ದ ರಜೆಯನ್ನು 2017ರ ತಿದ್ದುಪಡಿ 26 ವಾರಕ್ಕೆ ಏರಿಸಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಅದನ್ನೇ ಉಳಿಸಿಕೊಂಡಿದೆ. ಬದುಕಿರುವ ಎರಡು ಮಕ್ಕಳಿದ್ದವರಿಗೆ ಮಾತ್ರ 12 ವಾರ.

ಈಗ ಹಣ ಕೊಡುವವರು ಯಾರೆಂಬುದನ್ನು ನೋಡೋಣ. ಸಂಬಳ 21,000 ರೂಪಾಯಿಯೊಳಗಿದ್ದು ಇ.ಎಸ್.ಐ.ಗೆ ಹಣ ಮುರಿಯುತ್ತಿದ್ದರೆ ಇ.ಎಸ್.ಐ. ನಿಗಮವೇ ಕೊಡುತ್ತದೆ. ಅದಕ್ಕೆ, ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ ಕನಿಷ್ಠ 70 ದಿನಗಳ ವಂತಿಗೆ ಕಟ್ಟಿರಬೇಕು. ಇ.ಎಸ್.ಐ. ಇಲ್ಲದ ಕಡೆ ಮಾಲೀಕರು ಕೊಡಬೇಕು. ಹೆರಿಗೆಯ ನಿರೀಕ್ಷಿತ ದಿನಕ್ಕೆ ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿರಬೇಕು. ಆದ್ದರಿಂದ ಬಸುರಿಯಾದಾಗ ಕೆಲಸ ಬದಲಾಯಿಸುವ ಮುನ್ನ ಈ ದಿನಗಳನ್ನು ಎಣಿಸಿರಿ. ಮಾಲೀಕರಿಗೆ ಬರಹದಲ್ಲಿಯೇ ತಿಳಿಸಿ, ಪ್ರತಿಯನ್ನು ನಿಮ್ಮ ಬಳಿ ಇಟ್ಟುಕೊಳ್ಳಿರಿ. ಈ ರಜೆಯಲ್ಲಿದ್ದಾಗ ಕೆಲಸದಿಂದ ತೆಗೆಯುವುದು ಕಾನೂನಿಗೆ ವಿರುದ್ಧ.

ನಮ್ಮಂಥ ವಲಸೆಯವರು ಎಡವುವ ಜಾಗ ಇನ್ನೊಂದಿದೆ. ಏಳನೆಯ ತಿಂಗಳಲ್ಲಿ ಸೀಮಂತ ಮುಗಿಸಿ ತವರಿಗೆ ಕಳಿಸುವುದು ನಮ್ಮ ಪದ್ಧತಿ. ಆದರೆ ಹೆರಿಗೆಗೆ ಮುಂಚೆ ಎಂಟು ವಾರಕ್ಕಿಂತ ಹೆಚ್ಚಾಗಿ ಈ ರಜೆ ಸಿಗದು. ಅದಕ್ಕೂ ಮೊದಲೇ ಹೊರಡುವವರು ಆ ದಿನಗಳಿಗೆ ಬೇರೆ ರಜೆಯನ್ನು ಕೂಡಿಟ್ಟುಕೊಳ್ಳಬೇಕು.

ಮನೆಗೆಲಸ, ಕೂಲಿ ಮಾಡುವ ತಾಯಂದಿರಿಗೆ ಸಂಬಳದ ರಜೆ ಎಲ್ಲಿಂದ ಬರಬೇಕು? ಅವರಿಗಾಗಿ ಕೇಂದ್ರದ ಮಾತೃ ವಂದನಾ ಯೋಜನೆಯಿದೆ. ಬಡ ಕುಟುಂಬದ ಮೊದಲ ಮಗುವಿಗೆ ಎರಡು ಕಂತಿನಲ್ಲಿ 5,000 ರೂಪಾಯಿ. ಎರಡನೆಯದು ಹೆಣ್ಣಾದರೆ 6,000. ತಮಿಳುನಾಡಿನಲ್ಲಿ 1987ರಿಂದ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರ ಹೆಸರಿನ ಯೋಜನೆ ನಡೆದಿದೆ. ಆಗ 300 ರೂಪಾಯಿ ಇದ್ದದ್ದು 2018ರಲ್ಲಿ 18,000ಕ್ಕೆ ಏರಿತು. ಅದರಲ್ಲಿ 14,000 ನಗದು, ಉಳಿದದ್ದು ಪೌಷ್ಟಿಕ ವಸ್ತುಗಳು. ತಾಯಿಗೆ 19 ವರ್ಷ ತುಂಬಿರಬೇಕು. ನಿಮ್ಮ ಕುಟುಂಬ ಇದಕ್ಕೆ ಸೇರುತ್ತದೆಯೇ ಎಂಬುದನ್ನು ಹತ್ತಿರದ ಆರೋಗ್ಯ ಕೇಂದ್ರದ ನರ್ಸಮ್ಮನವರನ್ನೇ ಕೇಳಿರಿ. ಮೂರು ತಿಂಗಳೊಳಗೇ ಹೋಗಿ ಬಸುರಿಯ ಹೆಸರು ಬರೆಸಿರಿ.

ತವರಿಗೆ ಹೊರಡುವ ಪೆಟ್ಟಿಗೆಯಲ್ಲಿ ಸೀರೆ, ಕುಪ್ಪಸದ ಜೊತೆ ಇವೂ ಇರಲಿ: ತಾಯಿ ಕಾರ್ಡು, ನೋಂದಣಿಯ ಸಂಖ್ಯೆ, ಆಧಾರ್, ತಾಯಿಯ ಹೆಸರಿನಲ್ಲಿಯೇ ಇರುವ ಬ್ಯಾಂಕಿನ ಪುಸ್ತಕ. ಮಗು ಹುಟ್ಟಿದ ಊರಿನಲ್ಲಿಯೇ 21 ದಿನದೊಳಗೆ ಜನನ ನೋಂದಣಿ ಮಾಡಿಸಿರಿ. ಲಸಿಕೆಗಳನ್ನು ಹಾಕಿಸಿದಾಗ ಕಾರ್ಡಿನಲ್ಲಿ ಬರೆಸಲು ಮರೆಯಬೇಡಿರಿ. ಕಂತು ನಿಲ್ಲುವುದು ಹೆಚ್ಚಾಗಿ ಇಂಥ ಸಣ್ಣ ಕಾಗದಗಳಿಂದಲೇ.

ತಂದೆಯಾಗುವವರಿಗೂ ಒಂದು ಮಾತು. ಕೇಂದ್ರ ಸರ್ಕಾರದ ನೌಕರನಿಗೆ 15 ದಿನದ ಪಿತೃತ್ವ ರಜೆಯುಂಟು; ಖಾಸಗಿ ಕೆಲಸದವನಿಗೆ ಅಂಥ ಕಾನೂನಿಲ್ಲ. ಆದರೂ ನಿಮ್ಮ ಹೆಸರಿನಲ್ಲಿ ಇ.ಎಸ್.ಐ. ಇದ್ದರೆ ಹೆಂಡತಿಯ ಹೆರಿಗೆಯ ಆರೈಕೆ ಇ.ಎಸ್.ಐ. ಆಸ್ಪತ್ರೆಯಲ್ಲಿ ದೊರೆಯುತ್ತದೆ. ನಮಗೆ ಹತ್ತಿರದ ಅಯನಾವರಂನಲ್ಲಿಯೇ ಅದೊಂದಿದೆ. ನಿಮ್ಮ ಕಾರ್ಡಿನಲ್ಲಿ ಹೆಂಡತಿಯ ಹೆಸರು ಸೇರಿದೆಯೇ ಎಂದು ಇಂದೇ ನೋಡಿಕೊಳ್ಳಿರಿ.

ಅಳದ ಮಗುವಿಗೆ ತಾಯಿಯೂ ಹಾಲು ಕೊಡಳೆಂಬ ಗಾದೆ ನಮ್ಮಲ್ಲಿದೆ; ಅತ್ತ ಮಗುವೇ ಹಾಲು ಕುಡಿಯುವುದೆಂದು ತಮಿಳರೂ ಹೇಳುತ್ತಾರೆ. ಪರಸ್ಥಳದಲ್ಲಿದ್ದೇವೆಂಬ ಸಂಕೋಚದಿಂದ ನಾವು ಕೇಳದೆ ಉಳಿಯುವುದು ಬೇಡ. ಅರ್ಜಿ ಬರೆಯಲು ಬಾರದವರು ಇಲ್ಲಿಗೆ ಬನ್ನಿರಿ, ಜೊತೆಗೆ ಕುಳಿತು ಬರೆಯುತ್ತೇವೆ. ಇನ್ನು ಮುಂದೆ ನಮ್ಮ ಹೆಣ್ಣುಮಕ್ಕಳಾರೂ ಬರೆಯುವ ಕಾಗದ ರಾಜೀನಾಮೆಯದಾಗದಿರಲಿ, ರಜೆಯ ಅರ್ಜಿಯಾಗಲಿ.