ಬೀಸು ಕಂಸಾಳೆಯ ಆಚೆಗೆ

ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಲ್ಲಿ ಕಂಸಾಳೆ ಮೇಳ ವೇದಿಕೆ ಹತ್ತಿತೆಂದರೆ ‘ಚೆಲ್ಲಿದರು ಮಲ್ಲಿಗೆಯ’ ಆಗಲೇಬೇಕು. ಶಾಲೆಯ ವಾರ್ಷಿಕೋತ್ಸವಕ್ಕೂ ಅದೇ, ಮೆರವಣಿಗೆಗೂ ಅದೇ. ಹಾಡೇನೋ ಚೆಂದ, ಕಂಚಿನ ತಾಳ ಬೀಸುತ್ತ ಕುಣಿಯುವ ಹತ್ತು ನಿಮಿಷದ ಬೀಸು ಕಂಸಾಳೆಗೆ ಹೇಳಿ ಮಾಡಿಸಿದ್ದು. ಆದರೆ ಆ ಹಾಡು ಹೊಗಳುವ ಮಾದಪ್ಪನ, ಅಂದರೆ ಮಲೆ ಮಹದೇಶ್ವರನ ಕಾವ್ಯ, ದಮ್ಮಡಿ ಹಿಡಿದು ಕೂತು ರಾತ್ರಿಯಿಡೀ ಹಾಡುವಂಥದ್ದು. ಪಿ.ಕೆ. ರಾಜಶೇಖರ ಅದನ್ನು 1973ರಲ್ಲೇ ಪುಸ್ತಕವಾಗಿ ತಂದರು. ಜುಂಜೇಗೌಡ, ಇಕ್ಕೇರಿ ದೇವಮ್ಮ, ಸರಗೂರಯ್ಯ, ಅದರಲ್ಲಿ ಒಬ್ಬೊಬ್ಬರದೂ ಒಂದೊಂದು ಸಾಲು, ಅಂದರೆ ಒಂದೊಂದು ಕಥಾಭಾಗ.

ಅದರಲ್ಲೂ ಸಂಕಮ್ಮನ ಸಾಲನ್ನು ನಾನಂತೂ ಬಿಟ್ಟುಕೊಡಲಾರೆ. ಕಾಡಿಗೆ ಹೊರಟ ಗಂಡ ನೀಲೇಗೌಡ, ಹೆಂಡತಿಯ ಶೀಲಕ್ಕೆ ಬಲಗೈ ಭಾಷೆ ಕೇಳುತ್ತಾನೆ. ಸೋಲಿಗರ ಸಂಕಮ್ಮ ಕೊಡುವುದಿಲ್ಲ. ಹಿಂಸಿಸುತ್ತಾನೆ, ಆಗಲೂ ಕೊಡುವುದಿಲ್ಲ. ಮಾದಪ್ಪ ಒಲಿದು ಮಕ್ಕಳ ಫಲ ಕೊಡುವುದು ಆಮೇಲಿನ ಮಾತು. ದೇವರ ಮಹಿಮೆಗಿಂತ ಅವಳ ಹಟವೇ ನನಗೆ ದೊಡ್ಡದಾಗಿ ಕೇಳುತ್ತದೆ, ಅವನ ಕಾವ್ಯ ಹಾಡುವ ದೇವರಗುಡ್ಡರು ಮುನಿಯದಿರಲಿ!

ಈ ಸಾಲನ್ನು ಹಾಡುವವರು ಮರೆತಿದ್ದಾರೆ ಎನ್ನುವುದಕ್ಕಿಂತ, ಕರೆಸುವವರು ಕೇಳುವುದಿಲ್ಲ ಎನ್ನುವುದೇ ಸರಿ. ಮುಂದಿನ ಶಿವರಾತ್ರಿಗೆ ಮೇಳ ಕರೆಸುವವರು ‘ಸಂಕಮ್ಮನ ಸಾಲು ಹಾಡಿ’ ಅನ್ನಬಹುದಲ್ಲ? ಸನ್ಮಾನ, ಭಾಷಣ ಮೊಟಕಾಗಬೇಕಾದೀತು, ಅಷ್ಟೇ.