ತಗಡಿನ ಕೊಟ್ಟಿಗೆಗೆ ಯಾವ ಚೌಕಟ್ಟು?

(ರೈತರ ಸಭೆಯೊಂದರಲ್ಲಿ ಮಾಡಿದ ಭಾಷಣ)



ಹಿಂದೆ ಕೊಟ್ಟಿಗೆ ಕಟ್ಟಬೇಕಾದರೆ ಊರ ಬಡಗಿಯನ್ನು ಕರೆಯುತ್ತಿದ್ದೆವು. ಕಂಬ ಎಷ್ಟು ದಪ್ಪ ಇರಬೇಕು, ತೊಲೆ ಎಷ್ಟು ದೂರ ತಾಳುತ್ತದೆ ಎಂಬುದು ಅವನ ಕಣ್ಣಳತೆಯಲ್ಲೇ ಇತ್ತು. ಈಗ ಮರ ದುಬಾರಿಯಾಗಿದೆ, ಹೆಂಚಿನ ಜಾಗಕ್ಕೆ ತಗಡು ಬಂದಿದೆ. ನಾವು ಹೋಗುವುದು ವೆಲ್ಡಿಂಗ್ ಅಂಗಡಿಗೆ. ಅಲ್ಲಿ ಕಬ್ಬಿಣಕ್ಕೆ ಕೆಜಿ ಲೆಕ್ಕ. ಹಾಗಾಗಿ "ಒಟ್ಟು ಎಷ್ಟು ಕೆಜಿ ಆಗುತ್ತದೆ?" ಎಂದು ಮೊದಲು ಕೇಳುತ್ತೇವೆ. ಅದಕ್ಕೂ ಮುಂಚೆ ಕೇಳಿಕೊಳ್ಳಬೇಕಾದ ಮಾತುಗಳಿವೆ. ಒಳಗೆ ಏನು ನಿಲ್ಲಬೇಕು? ಕಂಬವಿಲ್ಲದ ಅಗಲ ಎಷ್ಟು ಬೇಕು? ಗಾಳಿ ಯಾವ ದಿಕ್ಕಿನಿಂದ ಹೊಡೆಯುತ್ತದೆ? ಇವಕ್ಕೆ ಉತ್ತರ ಸಿಕ್ಕ ಮೇಲೆ ಚೌಕಟ್ಟಿನ ಜಾತಿಯನ್ನು ಆರಿಸಬೇಕು.

ನಮ್ಮ ಮನೆಯ ಸಂಗತಿಯನ್ನೇ ಹೇಳುತ್ತೇನೆ. ನಮ್ಮ ಅಣ್ಣನವರು 20 ಅಡಿ ಅಗಲ, 40 ಅಡಿ ಉದ್ದದ ಕೊಟ್ಟಿಗೆ ಕಟ್ಟಿಸಿದರು. ಎರಡೂ ಬದಿಯಲ್ಲಿ ಹತ್ತಡಿಗೊಂದು ಕಂಬ, ಎದುರುಬದುರು ಕಂಬಗಳ ಮೇಲೆ ಆಂಗ್ಲರಿನ ಕತ್ತರಿ. ಇಂಜಿನಿಯರರು ಟ್ರಸ್ ಎನ್ನುವುದನ್ನೇ ನಾವು ಕತ್ತರಿ ಎನ್ನುತ್ತೇವೆ. ಕೆಲಸ ಚೆನ್ನಾಗಿಯೇ ಇತ್ತು. ಆದರೆ ಸುಗ್ಗಿಯಲ್ಲಿ ಹುಲ್ಲಿನ ಟ್ರೇಲರ್ ಒಳಗೆ ಹೋಗಲಿಲ್ಲ. ಕತ್ತರಿಯ ಕೆಳಪಟ್ಟಿ ಹೊರೆಗೆ ತಗಲುತ್ತಿತ್ತು. "ತಗಡಿನ ಭಾರ ಹೊರುವುದು ಮೇಲಿನ ಇಳಿಜಾರು ಪಟ್ಟಿ ತಾನೆ, ಈ ಅಡ್ಡಪಟ್ಟಿ ಯಾತಕ್ಕೆ?" ಎಂದು ಮುಂದಿನ ಎರಡು ಕತ್ತರಿಗಳ ಕೆಳಪಟ್ಟಿಯನ್ನು ಕೊಯ್ಯಿಸಿಬಿಟ್ಟರು. ಟ್ರೇಲರ್ ಸಲೀಸಾಗಿ ಒಳಗೆ ಹೋಯಿತು. ಕೆಲವು ತಿಂಗಳಲ್ಲಿ ಆ ಕಂಬಗಳು ಹೊರಕ್ಕೆ ವಾಲಿದವು, ಮಾಡಿನ ನೆತ್ತಿ ತಗ್ಗಿತು. ಏಪ್ರಿಲ್ ಕೊನೆಗೆ ಭರಣಿ ಮಳೆಯ ಗಾಳಿ ಬಂತು. ಮುಂಭಾಗದ ಮಾಡು ಕಂಬಗಳ ಸಮೇತ ಕಿತ್ತು ಮಗುಚಿತು. ಒಳಗಿದ್ದ ಒಂದು ಎತ್ತಿನ ಕಾಲು ಮುರಿಯಿತು. ಅದು ಮತ್ತೆ ನೊಗಕ್ಕೆ ಬರಲಿಲ್ಲ.

ಮಡಚುವ ಏಣಿಯ ಎರಡು ಕಾಲುಗಳ ನಡುವೆ ಒಂದು ಹಗ್ಗ ಕಟ್ಟಿರುವುದನ್ನು ನೋಡಿದ್ದೀರಿ. ಹಗ್ಗ ಕಿತ್ತರೆ ಕಾಲುಗಳು ಜಾರಿ ಅಗಲಿಸುತ್ತವೆ. ಕತ್ತರಿಯ ಕೆಳಪಟ್ಟಿ ಮಾಡುವ ಕೆಲಸವೂ ಅದೇ. ಅದು ಇರುವುದರಿಂದಲೇ ಸಣ್ಣ ಕಬ್ಬಿಣದಲ್ಲಿ ದೊಡ್ಡ ಅಗಲವನ್ನು ದಾಟಬಹುದು.

ಕೆಳಪಟ್ಟಿ ಬೇಡವೆನ್ನುವವರಿಗೆ ಬೇರೆ ಜಾತಿಯ ಚೌಕಟ್ಟು ಇದೆ. ಪೋರ್ಟಲ್ ಫ್ರೇಮ್ ಎನ್ನುತ್ತಾರೆ. ಇದರಲ್ಲಿ ಕಂಬ ಮತ್ತು ಇಳಿಜಾರು ತೊಲೆ ಒಂದೇ ಮೈಯಾಗಿ ಬೆಸೆದಿರುತ್ತವೆ. ಒಳಗೆ ನೆತ್ತಿಯವರೆಗೂ ಜಾಗ ಖಾಲಿ. ಕಂಬ ತೊಲೆಯನ್ನು ಸೇರುವ ಮೂಲೆಯಲ್ಲಿ ಬಾಗುವ ಬಲ ಅತಿ ಹೆಚ್ಚು. ಅದಕ್ಕಾಗಿಯೇ ಕಾರ್ಖಾನೆಯ ಶೆಡ್ಡುಗಳಲ್ಲಿ ಆ ಮೂಲೆ ಅಗಲವಾಗಿದ್ದು ಬುಡದ ಕಡೆಗೆ ಸಣ್ಣದಾಗುತ್ತಾ ಬರುತ್ತದೆ. ಕೆಸರು ಗದ್ದೆಯಲ್ಲಿ ಕಾಲಗಲಿಸಿ ನಿಂತವನಂತೆ ಇದರ ಪಾದಗಳು ಹೊರಕ್ಕೆ ಜಾರಲು ನೋಡುತ್ತವೆ. ಪಾಯ ಗಟ್ಟಿ ಬೇಕು. ಕಬ್ಬಿಣವೂ ಹೆಚ್ಚು, ನಿಲ್ಲಿಸಲು ಕ್ರೇನು ಬೇಕಾದೀತು. ಐವತ್ತು ಅರವತ್ತು ಅಡಿ ಅಗಲದಲ್ಲಿ ಕಟಾವು ಯಂತ್ರ ತಿರುಗಬೇಕೆನ್ನುವವರಿಗೆ ಇದು ಸರಿ. ಇಪ್ಪತ್ತು ಮೂವತ್ತು ಅಡಿಯ ಕೊಟ್ಟಿಗೆಗೆ ನನ್ನ ಮತ ಕತ್ತರಿಗೇ. ನಮ್ಮ ಅಣ್ಣನವರು ಮೊದಲೇ ಕಂಬವನ್ನು ಎರಡಡಿ ಎತ್ತರಿಸಿದ್ದರೆ ಸಾಕಾಗಿತ್ತು.

ದನ ಕಟ್ಟುವುದಕ್ಕೆ ಮಾತ್ರವಾದರೆ ಇನ್ನೂ ಅಗ್ಗದ ದಾರಿಯಿದೆ. ಗೋದಲಿಯ ಸಾಲಿನಲ್ಲೇ ನಡುಗಂಬಗಳನ್ನು ನಿಲ್ಲಿಸಿ. ಮೂವತ್ತು ಅಡಿಯ ಅಗಲ ಹದಿನೈದರ ಎರಡು ಪಾಲಾಗುತ್ತದೆ, ತೊಲೆ ಸಣ್ಣದಾಗುತ್ತದೆ, ದನಕ್ಕೆ ಅಡ್ಡಿಯೂ ಇಲ್ಲ. ಕಮಾನಿನಂತೆ ಬಾಗಿಸಿದ ಪೈಪಿನ ಜಾತಿಯೂ ಉಂಟು, ಪಾಲಿಹೌಸುಗಳಲ್ಲಿ ಕಂಡಿದ್ದೀರಿ. ಅದರ ಬದಿಗಳಲ್ಲಿ ತಲೆ ತಗಲುವುದರಿಂದ ಜಾಗ ವ್ಯರ್ಥ. ಸಸಿಗೆ ಒಳ್ಳೆಯದು, ಟ್ರ್ಯಾಕ್ಟರಿಗಲ್ಲ.

ಇನ್ನು ಗಾಳಿಯ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಗಾಳಿ ಮಾಡನ್ನು ಕೆಳಗೆ ಒತ್ತುತ್ತದೆಂದು ಬಹಳ ಜನ ತಿಳಿದಿದ್ದಾರೆ. ಹೆಂಚಿನ ಮಾಡಿಗೆ ಅದರ ಭಾರವೇ ಕಾವಲಾಗಿತ್ತು. ತಗಡಿನ ಮಾಡು, ಅಡ್ಡಪೈಪು, ಕತ್ತರಿ ಎಲ್ಲ ಸೇರಿ ಚದರಡಿಗೆ ಸುಮಾರು ಒಂದು ಕೆಜಿ ತೂಗಬಹುದು, ಅಷ್ಟೇ. ಭಾರತೀಯ ಮಾನಕ ಐ.ಎಸ್. 875ರ ಮೂರನೆಯ ಭಾಗವು ಲೆಕ್ಕಕ್ಕೆ ಹಿಡಿಯಬೇಕಾದ ಗಾಳಿಯ ವೇಗವನ್ನು ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39 ಮೀಟರ್ ಎಂದು ಕೊಟ್ಟಿದೆ. 33 ಮೀಟರ್ ಗಾಳಿಯ ಒತ್ತಡ ಚದರಡಿಗೆ ಸುಮಾರು ಆರು ಕೆಜಿ. ಮೂರು ಕಡೆ ಗೋಡೆಯಿದ್ದು ಗಾಳಿ ಬರುವ ಕಡೆ ತೆರೆದ ಕೊಟ್ಟಿಗೆಯೇ ಎಲ್ಲಕ್ಕಿಂತ ಅಪಾಯ. ಬಿರುಗಾಳಿಗೆ ಎದುರು ಹಿಡಿದ ಕೊಡೆಯಂತೆ ಗಾಳಿ ಒಳಹೊಕ್ಕು ಮಾಡನ್ನು ಮೇಲಕ್ಕೆ ನೂಕುತ್ತದೆ, ಹೊರಗಿನ ಗಾಳಿ ಮೇಲಿನಿಂದ ಸೆಳೆಯುತ್ತದೆ. ಆಗ ಆ ಆರು ಕೆಜಿ ಪೂರ್ತಿಯಾಗಿ, ಕೆಲವೊಮ್ಮೆ ಅದಕ್ಕೂ ಹೆಚ್ಚಾಗಿ ಮೇಲ್ಮುಖವಾಗುತ್ತದೆ.

ನಮ್ಮ ಅಣ್ಣನವರ ಕೊಟ್ಟಿಗೆಯಲ್ಲಿ ನಡುವಿನ ಒಂದೊಂದು ಕಂಬದ ಪಾಲಿಗೆ 100 ಚದರಡಿ ಮಾಡು ಬರುತ್ತಿತ್ತು. ಗಾಳಿ ಎತ್ತುವುದು 600 ಕೆಜಿ, ಮಾಡಿನ ತೂಕ 100 ಕೆಜಿ. ಉಳಿದ 500 ಕೆಜಿಯನ್ನು ಹಿಡಿದುಕೊಳ್ಳಬೇಕಾದುದು ಪಾಯ. ಒಂದಡಿ ಉದ್ದ, ಅಗಲ, ಆಳದ ಕಾಂಕ್ರೀಟು 68 ಕೆಜಿ ಮಾತ್ರ. ಎರಡಡಿಯದು ಸುಮಾರು 540 ಕೆಜಿ, ಅಂಚಿಗಂಚು. ಎರಡೂವರೆ ಅಡಿ ಉದ್ದಗಲ, ಮೂರಡಿ ಆಳ ಮಾಡಿದರೆ 1,270 ಕೆಜಿ ಆಗುತ್ತದೆ. ಸಿಮೆಂಟಿನ ಖರ್ಚು ನೋಡಿ ಹಿಂಜರಿಯುವವರು ಎತ್ತಿನ ಬೆಲೆಯನ್ನೂ ಪಕ್ಕದಲ್ಲಿ ಬರೆದು ನೋಡಬೇಕು.

ಕತ್ತರಿಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ದಿನವೂ ಎಳೆತದಲ್ಲಿರುವ ಕೆಳಪಟ್ಟಿ, ಗಾಳಿ ಎತ್ತಿದ ಗಳಿಗೆಯಲ್ಲಿ ಎರಡೂ ತುದಿಯಿಂದ ಒತ್ತಿಗೆ ಸಿಕ್ಕುತ್ತದೆ. ಉಳಿತಾಯಕ್ಕೆಂದು ಅಲ್ಲಿ ಸಣ್ಣ ಸರಳು ಹಾಕಿಸಿದ್ದರೆ ಹುಲ್ಲುಕಡ್ಡಿಯಂತೆ ಬಾಗಿಬಿಡುತ್ತದೆ. ಆಂಗ್ಲರ್ ಇಲ್ಲವೆ ಪೈಪನ್ನೇ ಕೇಳಿ; ಕೆಳಪಟ್ಟಿಗಳನ್ನು ಉದ್ದಕ್ಕೂ ಒಂದಕ್ಕೊಂದು ಸೇರಿಸಿ ಕಟ್ಟಿಸಿ.

ಮನೆಗೆ ಹೋದ ಮೇಲೆ ನಾಲ್ಕು ಕೋಲುಗಳನ್ನು ಚೌಕವಾಗಿ ಕಟ್ಟಿ ತಳ್ಳಿ ನೋಡಿ, ಓರೆಯಾಗುತ್ತದೆ. ಮೂಲೆಯಿಂದ ಮೂಲೆಗೆ ಇನ್ನೊಂದು ಕೋಲು ಕಟ್ಟಿದರೆ ಅಲ್ಲಾಡುವುದಿಲ್ಲ. ಕೊಟ್ಟಿಗೆಯ ಎರಡೂ ತುದಿಯ ಅಂಕಣಗಳಲ್ಲಿ, ಗೋಡೆಯ ಬದಿಗೂ ಮಾಡಿಗೂ, ಇಂಥ ಅಡ್ಡಾಸೆಗಳು ಇರಲೇಬೇಕು. ಯಾವ ಜಾತಿಯ ಚೌಕಟ್ಟಾದರೂ ಇದು ತಪ್ಪದು. ಕೆಜಿ ಉಳಿಸಲು ಎಲ್ಲರೂ ಮೊದಲು ಬಿಡಿಸುವುದೂ ಇದನ್ನೇ!

ಗಂಜಲ ತಾಗುವ ಕಂಬದ ಬುಡ ಬೇಗ ತುಕ್ಕು ಹಿಡಿಯುತ್ತದೆ. ನೆಲದಿಂದ ಒಂದಡಿ ಎತ್ತರಕ್ಕೆ ಕಾಂಕ್ರೀಟು ದಿಂಡು ಮಾಡಿಸಿ ಅದರ ಮೇಲೆ ಕಂಬವನ್ನು ಬೋಲ್ಟು ಹಾಕಿ ನಿಲ್ಲಿಸಿರಿ. ಬೋಲ್ಟಿನ ಬುಡ ಕೊಕ್ಕೆಯಾಗಿ ಬಾಗಿದ್ದು ಪಾಯದ ಆಳಕ್ಕೆ ಇಳಿದಿರಬೇಕು. ಕಂಬ ಪೈಪಿನದಾದರೆ ಬಾಯನ್ನು ಮುಚ್ಚಿಸಿ, ಮಳೆನೀರು ಒಳಗೆ ನಿಲ್ಲಬಾರದು.

ಕೊಟ್ಟಿಗೆ ಕಟ್ಟಿಸುವ ಯೋಚನೆಯಲ್ಲಿರುವವರು ಜಾಗದ ಅಳತೆ, ಬಾಗಿಲಿನ ದಿಕ್ಕು, ಹೊರೆ ತುಂಬಿದ ಟ್ರೇಲರಿನ ಎತ್ತರ ಇಷ್ಟನ್ನು ಚೀಟಿಯಲ್ಲಿ ಬರೆದುಕೊಂಡು ಬಂದಿದ್ದರೆ ಕೊಡಿ. ಊಟಕ್ಕೆ ಇನ್ನೂ ಹೊತ್ತಿದೆ, ಇಲ್ಲೇ ಕುಳಿತು ನೋಡೋಣ.