ಬೆಳಿಗ್ಗೆ ಏಳದ ಗಾಡಿ, ಮಧ್ಯಾಹ್ನ ಏಳದ ಗಾಡಿ

ಹೊಳಲ್ಕೆರೆಯ ಅಡಿಕೆ, ಹೊಸದುರ್ಗದ ತೆಂಗಿನಕಾಯಿ, ಹಿರಿಯೂರು ಕಡೆಯ ಈರುಳ್ಳಿ ಮಾರುಕಟ್ಟೆ ಸೇರಬೇಕಾದರೆ ಡೀಸೆಲ್ ಪಿಕಪ್ ಬೇಕೇ ಬೇಕು. ಅದೇ ಸ್ಟಾರ್ಟ್ ಆಗದೆ ಹಟ ಹಿಡಿದರೆ? ಪಳಗಿದ ಮೆಕ್ಯಾನಿಕ್ ಬಾನೆಟ್ ಎತ್ತುವ ಮೊದಲೇ ಡ್ರೈವರನ್ನು ಕೇಳುತ್ತಾನೆ: “ಯಾವಾಗ ತೊಂದ್ರೆ ಕೊಡುತ್ತಣ್ಣ? ಬೆಳಿಗ್ಗೇನಾ, ಓಡಿಸಿ ನಿಲ್ಲಿಸಿದ ಮೇಲಾ?”

ಗಾಡಿಯ ಕಾಯಿಲೆಗೂ ಹೊತ್ತಿಗೂ ಏನು ಸಂಬಂಧ ಅಂತೀರಾ? ಇದೆ.

ಪೆಟ್ರೋಲ್ ಎಂಜಿನ್‌ನಲ್ಲಿ ಕಿಡಿ ಹೊತ್ತಿಸಲು ಸ್ಪಾರ್ಕ್ ಪ್ಲಗ್ ಇರುತ್ತದೆ. ಡೀಸೆಲ್ ಎಂಜಿನ್‌ನಲ್ಲಿ ಅದು ಇಲ್ಲ. ಸೈಕಲ್ಲಿಗೆ ಗಾಳಿ ಹೊಡೆದ ಮೇಲೆ ಪಂಪಿನ ಬುಡ ಮುಟ್ಟಿ ನೋಡಿ, ಬೆಚ್ಚಗಿರುತ್ತದೆ. ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗುತ್ತದೆ, ಅಷ್ಟೇ. ಡೀಸೆಲ್ ಎಂಜಿನ್ ಗಾಳಿಯನ್ನು ಹದಿನಾರು, ಹದಿನೆಂಟು, ಕೆಲವು ಸಲ ಇಪ್ಪತ್ತು ಪಟ್ಟು ಕುಗ್ಗಿಸುತ್ತದೆ. ಅದರ ಬಿಸಿ 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಆ ಗಾಳಿಯೊಳಗೆ ಡೀಸೆಲನ್ನು ಮಂಜಿನ ಹಾಗೆ ಚಿಮ್ಮಿಸಿದರೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ.

ಚಿಮ್ಮಿಸುವುದೇ ಕಷ್ಟದ ಕೆಲಸ. ರುಡಾಲ್ಫ್ ಡೀಸೆಲ್ 1897ರಲ್ಲಿ ತನ್ನ ಎಂಜಿನ್ ಓಡಿಸಿ ತೋರಿಸಿದಾಗ ಇಂಧನವನ್ನು ಒಳಗೆ ಊದಲು ಬೇರೊಂದು ಗಾಳಿಯ ಕಂಪ್ರೆಸರ್ ಬೇಕಿತ್ತು. ಅಷ್ಟು ಭಾರ ಹೊತ್ತ ಎಂಜಿನ್ ಕಾರ್ಖಾನೆಗೆ ಸರಿ, ಲಾರಿಗೆ ಆಗದು. 1927ರಲ್ಲಿ ಜರ್ಮನಿಯ ಬಾಷ್ ಕಂಪನಿ ಡೀಸೆಲನ್ನು ಒತ್ತಿ ಚಿಮ್ಮಿಸುವ ಪುಟ್ಟ ಪಂಪುಗಳನ್ನು ಸಾಲುಸಾಲಾಗಿ ತಯಾರಿಸತೊಡಗಿದ ಮೇಲೆ ರಸ್ತೆಯಲ್ಲಿ ಡೀಸೆಲ್ ಗಾಡಿಗಳು ಹೆಚ್ಚತೊಡಗಿದವು. ನಮ್ಮ ಬೆಂಗಳೂರಿನಲ್ಲಿ 1951ರಲ್ಲಿ ಶುರುವಾದ ಮೈಕೋ ಕಂಪನಿಯ ಆಡುಗೋಡಿ ಕಾರ್ಖಾನೆಯಿಂದ ಇಂಥ ಪಂಪುಗಳು ದೇಶಕ್ಕೆಲ್ಲ ಹೋದವು. 2008ರಿಂದ ಆ ಕಂಪನಿಯ ಹೆಸರೂ ಬಾಷ್.

ಈ ಪಂಪಿನ ಒಳಗೊಂದು ಉಕ್ಕಿನ ಕಡ್ಡಿ. ಅದರ ಹೆಸರು ಪ್ಲಂಜರ್. ಅದು ಉಕ್ಕಿನ ಕೊಳವೆಯೊಳಗೆ ಮೇಲೆ ಕೆಳಗೆ ಆಡುತ್ತದೆ. ಎರಡರ ನಡುವಿನ ಸಂದು ಒಂದು ಮಿಲಿಮೀಟರಿನ ಸಾವಿರ ಭಾಗದಲ್ಲಿ ಎರಡು ಮೂರು ಭಾಗದಷ್ಟು ಮಾತ್ರ. ರಬ್ಬರಿನ ವಾಷರ್ ಇಲ್ಲ, ಬೇರೆ ಎಣ್ಣೆ ಇಲ್ಲ. ಹೆಚ್ಚಿನ ಪಂಪುಗಳಲ್ಲಿ ಡೀಸೆಲ್ಲೇ ಎಣ್ಣೆಯಾಗಿ ಜಾರಿಸುತ್ತದೆ. ಡೀಸೆಲ್ ಫಿಲ್ಟರನ್ನು ಸರಿಯಾದ ಸಮಯಕ್ಕೆ ಬದಲಾಯಿಸದವರು ಈ ಸಂದಿಗೆ ಮರಳು ಸುರಿದಂತೆಯೇ ಎಂಬುದು ನನ್ನ ಅಭಿಪ್ರಾಯ.

ಈಗ ಮೆಕ್ಯಾನಿಕ್‌ನ ಪ್ರಶ್ನೆಗೆ ಬರೋಣ. ಧನುರ್ಮಾಸದ ಚಳಿಯಲ್ಲಿ ಬೆಳಿಗ್ಗೆ ಮಾತ್ರ ತೊಂದರೆ ಎಂದರೆ ಮೊದಲ ಅನುಮಾನ ಹೀಟರ್ ಪ್ಲಗ್ ಮೇಲೆ. ತಣ್ಣನೆಯ ಲೋಹ ಗಾಳಿಯ ಬಿಸಿಯನ್ನು ಹೀರಿಬಿಡುತ್ತದೆ. ಹೀಟರ್ ಪ್ಲಗ್ ಅದನ್ನು ತುಂಬಿಕೊಡಬೇಕು. ಕೀ ತಿರುಗಿಸಿದಾಗ ಡ್ಯಾಶ್‌ಬೋರ್ಡಿನಲ್ಲಿ ಸುರುಳಿ ಆಕಾರದ ಹಳದಿ ದೀಪ ಹತ್ತುತ್ತದಲ್ಲ, ಅದು ಆರುವ ತನಕ ಕಾಯಬೇಕು.

ಎರಡನೆಯ ಅನುಮಾನ ಗಾಳಿ. ಪೈಪಿನ ಕೀಲು ಸಡಿಲವಾಗಿದ್ದರೆ ರಾತ್ರಿಯೆಲ್ಲ ಡೀಸೆಲ್ ಟ್ಯಾಂಕಿಗೆ ವಾಪಸು ಜಾರಿ ಆ ಜಾಗಕ್ಕೆ ಗಾಳಿ ಸೇರುತ್ತದೆ. ಇದರ ಫಜೀತಿ ಏನೆಂದು ನೀವೇ ನೋಡಬಹುದು. ಸೂಜಿ ಇಲ್ಲದ ಹೊಸ ಸಿರಿಂಜಿನಲ್ಲಿ ನೀರು ತುಂಬಿ, ಅದರ ಬಾಯಿಗೆ ಬೆರಳಿಟ್ಟು ಒತ್ತಿ: ಜಗ್ಗುವುದಿಲ್ಲ. ಅದರಲ್ಲೇ ಗಾಳಿ ತುಂಬಿ ಒತ್ತಿ: ಸಲೀಸಾಗಿ ಕುಗ್ಗುತ್ತದೆ. ಪಂಪ್ ಎಷ್ಟು ಒತ್ತಿದರೂ ಗಾಳಿ ಕುಗ್ಗುತ್ತದೆಯೇ ಹೊರತು ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಬಾಯಿ ತೆರೆಯುವಷ್ಟು ಒತ್ತಡ ಏರುವುದಿಲ್ಲ. ಹಳೇ ಗಾಡಿಗಳಲ್ಲಿ ಮೆಕ್ಯಾನಿಕ್ ಒಂದು ಸ್ಕ್ರೂ ಸಡಿಲಿಸಿ ಕೈಪಂಪ್ ಒತ್ತುತ್ತಾನೆ. ಮೊದಲು ಬುಸಬುಸ ನೊರೆ ಬರುತ್ತದೆ, ಆಮೇಲೆ ಗುಳ್ಳೆ ಇಲ್ಲದ ಡೀಸೆಲ್. ಆಗ ಸ್ಕ್ರೂ ಬಿಗಿ ಮಾಡುತ್ತಾನೆ.

ಮಧ್ಯಾಹ್ನದ ಹಟ ಇನ್ನೂ ವಿಚಿತ್ರ. ಬೆಳಿಗ್ಗೆ ಒಂದೇ ಸೆಲ್ಫಿಗೆ ಸ್ಟಾರ್ಟ್ ಆದ ಗಾಡಿ, ಹೆದ್ದಾರಿಯಲ್ಲಿ ಓಡಿ ಬಂದು ಹಿರಿಯೂರಿನ ಬಿಸಿಲಲ್ಲಿ ಟೀಗೆ ನಿಂತರೆ ಮತ್ತೆ ಏಳುವುದಿಲ್ಲ! ಕಾರಣ ಸವೆದ ಪ್ಲಂಜರ್ ಇರಬಹುದು. ಕಾದ ಡೀಸೆಲ್ ತೆಳುವಾಗಿ, ಅಗಲವಾದ ಸಂದಿನಿಂದ ಹಿಂದಕ್ಕೆ ಸೋರುತ್ತದೆ. ರಸ್ತೆಯಲ್ಲಿ ಎಂಜಿನ್ ನಿಮಿಷಕ್ಕೆ 2000 ಸುತ್ತು ತಿರುಗುವಾಗ ಸೋರಲು ಪುರುಸೊತ್ತೇ ಇರುವುದಿಲ್ಲ. ಸೆಲ್ಫ್ ತಿರುಗಿಸುವುದು ಬರೀ 200 ಸುತ್ತಿನ ಆಸುಪಾಸು, ಆಗ ಸೋರಿಕೆಯೇ ಗೆಲ್ಲುತ್ತದೆ. ಹಳೇ ಪಂಪುಗಳ ಮೇಲೆ ಒದ್ದೆ ಬಟ್ಟೆ ಹಾಕಿ ತಣಿಸಿ ನೋಡುವ ಮೆಕ್ಯಾನಿಕ್‌ಗಳಿದ್ದಾರೆ. ಆಗ ಗಾಡಿ ಸ್ಟಾರ್ಟ್ ಆಯಿತೋ, ಪಂಪ್ ಸವೆದಿದೆ ಎಂದು ಅರ್ಥ.

ಹೊಸ ಪಿಕಪ್‌ಗಳಲ್ಲಿ ಕಾಮನ್ ರೈಲ್ ವ್ಯವಸ್ಥೆ. ಒಂದು ಗಟ್ಟಿ ಕೊಳವೆಯಲ್ಲಿ ಡೀಸೆಲ್ ಒತ್ತಡದಲ್ಲಿ ಸಿದ್ಧವಾಗಿರುತ್ತದೆ, ಸೆನ್ಸರ್ ಅದನ್ನು ಅಳೆಯುತ್ತದೆ. ಒತ್ತಡ ಸಾಮಾನ್ಯವಾಗಿ 200 ಬಾರ್ ಆಸುಪಾಸಿಗೆ ಏರದಿದ್ದರೆ ಗಾಡಿಯ ಕಂಪ್ಯೂಟರ್ ಡೀಸೆಲ್ ಬಿಡುವುದೇ ಇಲ್ಲ. ನಮ್ಮ ಸುತ್ತಲಿನ ಗಾಳಿಯ ಒತ್ತಡ ಸುಮಾರು 1 ಬಾರ್. ಎಂಜಿನ್ ಜೋರಾಗಿ ದುಡಿಯುವಾಗ ಆ ಕೊಳವೆಯಲ್ಲಿ 1600 ಬಾರ್ ಇರಬಹುದು. ನಿಮ್ಮ ಬೆರಳಿನ ಉಗುರಿನಷ್ಟು ಜಾಗದ ಮೇಲೆ ಒಂದು ಖಾಲಿ ಪಿಕಪ್ ನಿಲ್ಲಿಸಿದಷ್ಟು ಭಾರ ಅದು!

ಆದ್ದರಿಂದ ಸಿರಿಂಜಿನ ಆಟ ಮನೆಯಲ್ಲಿ ಆಡಿ. ಆದರೆ ಎಂಜಿನ್ ಓಡುತ್ತಿರುವಾಗ ಡೀಸೆಲ್ ಪೈಪಿನ ಹತ್ತಿರ ಕೈ ಹಾಕಬೇಡಿ. ಅಲ್ಲಿಂದ ಸೋರುವ ಕೂದಲೆಳೆಯಂಥ ಧಾರೆ ಚರ್ಮವನ್ನು ತೂರಿ ಒಳಗೆ ಹೋಗಬಲ್ಲದು. ಹಾಗಾದರೆ ನೋವು ಕಡಿಮೆ ಎಂದು ಸುಮ್ಮನಿರದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.